ಮಂಡಿ ಸವೆದ ಮೇಲೆ

ಅಕ್ಟೋಬರ್ 23 ಬಂತೆಂದರೆ ಕಿತ್ತೂರಿನಲ್ಲಿ ಮೂರು ದಿನ ಉತ್ಸವ. 1824ರ ಅದೇ ದಿನ ಚೆನ್ನಮ್ಮನ ಪಡೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೋಟೆಯೆದುರು ಕೆಡವಿದ ನೆನಪಿಗೆ ಮೆರವಣಿಗೆ, ಹಾಡು, ನಾಟಕ, ಜೊತೆಗೆ ಕುಸ್ತಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯಿಂದ ಬಂದವರು ಕಣದ ಸುತ್ತ ಒತ್ತಿಕೊಂಡು ಕೂರುತ್ತಾರೆ. ಹಲಗೆಯ ಸದ್ದು ಏರಿದಂತೆ ಪೈಲ್ವಾನರ ಪಟ್ಟೂ ಬಿಗಿಯಾಗುತ್ತದೆ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಸುತ್ತು ಹಾಕಿಸುತ್ತಾರೆ. ಸೋತವನು ಮೈ ಕೊಡವಿಕೊಂಡು ಎದ್ದು ಹೋಗುತ್ತಾನೆ.

ಕೆಲವೊಮ್ಮೆ ಸೋತವನು ಏಳುವುದಿಲ್ಲ. ಎರಡೂ ಕೈಯಿಂದ ಮೊಣಕಾಲು ಅವುಚಿಕೊಂಡು ಮಗ್ಗುಲಾಗುತ್ತಾನೆ. ಇಬ್ಬರು ಬಂದು ಕಂಕುಳಿಗೆ ಕೈಕೊಟ್ಟು ಎತ್ತುತ್ತಾರೆ. ಅಷ್ಟರಲ್ಲಿ ಮುಂದಿನ ಜೋಡಿಯ ಹೆಸರು ಮೈಕಿನಲ್ಲಿ ಕೇಳಿಸಿರುತ್ತದೆ. ಕುಂಟುತ್ತ ಜನರ ನಡುವೆ ಮರೆಯಾದವನ ಮುಂದಿನ ಕಥೆ ಮರುದಿನದ ಪತ್ರಿಕೆಯಲ್ಲಿ ಇರುವುದಿಲ್ಲ, ಮರುವರ್ಷದ ಪತ್ರಿಕೆಯಲ್ಲಿಯೂ ಇರುವುದಿಲ್ಲ. ಅವನು ಮತ್ತೆ ಕಣಕ್ಕಿಳಿದನೇ, ಯಾರು ಕಾಲು ನೋಡಿದರು, ಎಷ್ಟು ತಿಂಗಳು ಹಿಡಿಯಿತು ಎಂದು ಕೇಳುವವರೂ ಕಡಿಮೆ.

ಕೆಟ್ಟ ಮೊಣಕಾಲು ಹೊತ್ತ ಆಟಗಾರನ ಮುಂದಿನ ದಿನಗಳು ಹೇಗಿರಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ವಿವರವಾದ ಉತ್ತರವಿದೆ. ಅದು ಸಿಗುವುದು ಕುಸ್ತಿಯಲ್ಲಲ್ಲ, ಟೆನಿಸ್‌ನಲ್ಲಿ; ಎರಿ ನೆಲದಲ್ಲಲ್ಲ, ಕೊಡಗಿನ ಕಾಫಿ ತೋಟದಲ್ಲಿ. ಆದರೆ ಆ ಕಥೆಯ ಒಂದು ಎಳೆ, ಬಹಳ ಮುಖ್ಯವಾದ ಎಳೆ, ಬೆಳಗಾವಿಯ ಮೂಲಕವೇ ಹಾದುಹೋಗುತ್ತದೆ.

ಸೌದೆ ಒಡೆದ ತೋಳು

ರೋಹನ್ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ತಂದೆ ಕಾಫಿ ಬೆಳೆಗಾರರು. ಹಾಕಿ ಸ್ಟಿಕ್ ಇಲ್ಲದ ಮನೆ ಹುಡುಕುವುದೇ ಕಷ್ಟವೆನ್ನುವ ಕೊಡಗಿನಲ್ಲಿ ಈ ಹುಡುಗ ರ‍್ಯಾಕೆಟ್ ಹಿಡಿದದ್ದು 11ನೇ ವಯಸ್ಸಿನಲ್ಲಿ. ಟೆನಿಸ್ ಲೋಕದ ಲೆಕ್ಕದಲ್ಲಿ ಅದು ತಡವೇ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದು, ದಮ್ಮು ಹೆಚ್ಚಲೆಂದು ತೋಟದ ದಾರಿಗಳಲ್ಲಿ ಓಡಿದ್ದು, ಬಿರುಕುಬಿಟ್ಟ ಅಂಕಣಗಳ ಮೇಲೆ ಆಡಿದ್ದು, ಇವನ್ನೆಲ್ಲ ಅವರು ಮೂರು ದಶಕಗಳ ನಂತರವೂ ನೆನೆಯುತ್ತಾರೆ. ಜಿಮ್ ಎಂಬ ಪದ ಆ ಕಡೆ ಇನ್ನೂ ಸುಳಿಯದ ಕಾಲ. ಹಗ್ಗ ಹತ್ತುವುದು, ಸೌದೆ ಒಡೆಯುವುದು, ಗುಡ್ಡ ಏರಿಳಿಯುವುದು: ಬೈಲಹೊಂಗಲದ ಗರಡಿಯ ಉಸ್ತಾದರು ಬಂದು ನೋಡಿದ್ದರೆ ಅವರಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಹದಿಹರೆಯದಲ್ಲಿ ತರಬೇತಿಗೆಂದು ಪುಣೆಯ ದಾರಿ. ವೃತ್ತಿಪರ ಆಟಕ್ಕೆ ಕಾಲಿಟ್ಟದ್ದು 2003ರಲ್ಲಿ. 6 ಅಡಿ 4 ಅಂಗುಲದ ಆಳು, ಸಿಡಿಲಿನಂಥ ಸರ್ವ್. ಆದರೂ ಸಿಂಗಲ್ಸ್‌ನಲ್ಲಿ 213ನೇ ಸ್ಥಾನಕ್ಕಿಂತ ಮೇಲೆ ಹೋಗಲಾಗಲಿಲ್ಲ. ಆ ಮಟ್ಟದಲ್ಲಿ ವಿಮಾನದ ಟಿಕೆಟ್, ಹೋಟೆಲ್ಲು, ತರಬೇತುದಾರರ ಸಂಬಳ ಎಲ್ಲವೂ ಗಳಿಕೆಯನ್ನು ನುಂಗಿಬಿಡುತ್ತವೆ. ಬೋಪಣ್ಣ ಡಬಲ್ಸ್ ಕಡೆ ತಿರುಗಿದರು.

ತಿರುಗಿದ್ದು ಫಲಿಸಿತು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿ ಬ್ರಯಾನ್ ಸೋದರರಿಗೆ ಎರಡೂ ಸೆಟ್‌ಗಳನ್ನು ಟೈಬ್ರೇಕ್‌ನಲ್ಲಿ ಬಿಟ್ಟುಕೊಟ್ಟರು. ‘ಯುದ್ಧ ನಿಲ್ಲಿಸಿ, ಟೆನಿಸ್ ಶುರುಮಾಡಿ’ ಎಂಬ ಬರಹದ ಅಂಗಿ ತೊಟ್ಟ ಆ ಜೋಡಿಯನ್ನು ಎರಡೂ ದೇಶಗಳು ಒಟ್ಟಿಗೆ ಕುಳಿತು ನೋಡಿದವು. 2013ರ ಜುಲೈನಲ್ಲಿ ಡಬಲ್ಸ್‌ನಲ್ಲಿ ವಿಶ್ವದ 3ನೇ ಸ್ಥಾನ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪದಕದ ಪಂದ್ಯದಲ್ಲಿ ಸೋಲು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ. ಸೋಲಿನಿಂದ ಒಂದೇ ಪಾಯಿಂಟ್ ದೂರದಲ್ಲಿ ಎರಡು ಸಲ ನಿಂತು, ಕೊನೆಗೆ 12-10ರಲ್ಲಿ ಗೆದ್ದದ್ದು. ಆಗ ಅವರಿಗೆ 37. ಹೆಚ್ಚಿನ ಆಟಗಾರರು ಚೀಲ ಕಟ್ಟುವ ವಯಸ್ಸು.

ಎಸ್ಟೊರಿಲ್‌ನ ಕಡಲು

ಚೀಲ ಕಟ್ಟುವ ಮಾತನ್ನು ಮೊದಲು ಎತ್ತಿದ್ದು ಮೊಣಕಾಲು.

ತೊಡೆಯ ಮೂಳೆ ಮತ್ತು ಕಾಲಿನ ಮೂಳೆ ಕೂಡುವಲ್ಲಿ ಎರಡರ ತುದಿಗೂ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ನುಣುಪಾದ, ಜಾರುವ ಪದರ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ರಕ್ತ ಹರಿಯದ ಕಾರಣ ಸವೆದದ್ದು ತಾನಾಗಿ ಕೂಡಿಕೊಳ್ಳುವುದಿಲ್ಲ. ನರವಿಲ್ಲದ ಕಾರಣ ಸವೆಯುವಾಗ ಸುದ್ದಿಯೂ ಬರುವುದಿಲ್ಲ. ನೋವು ಶುರುವಾಗುವುದು ಪದರ ತೆಳುವಾಗಿ ಅಡಿಯ ಮೂಳೆಯ ಮೇಲೆಯೇ ಭಾರ ಬೀಳತೊಡಗಿದಾಗ. ಸುಮ್ಮನೆ ನಡೆದರೂ ಮೊಣಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಒತ್ತಡ ಬೀಳುತ್ತದೆ. ಗಟ್ಟಿ ಅಂಕಣದ ಮೇಲೆ ಓಡಿ, ಥಟ್ಟನೆ ನಿಂತು, ಹೊರಳುವವನ ಕಾಲಿಗೆ ಇನ್ನೂ ಹೆಚ್ಚು.

2019ರ ಹೊತ್ತಿಗೆ ಬೋಪಣ್ಣ ಅವರ ಎರಡೂ ಮೊಣಕಾಲುಗಳಲ್ಲಿ ಈ ಪದರ ಉಳಿದೇ ಇರಲಿಲ್ಲ. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಅಂಕಣಕ್ಕೆ ಇಳಿಯುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಮಾತ್ರೆ ನೋವನ್ನು ಮುಚ್ಚಿಡುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ಹರಿದ ಅಸ್ಥಿರಜ್ಜುವಾದರೆ ಶಸ್ತ್ರಚಿಕಿತ್ಸೆ ಮಾಡಿಸಿ, ತಿಂಗಳುಗಟ್ಟಲೆ ಕಾದು, ಹಳೆಯ ಕಾಲಿನ ಬಹುಭಾಗವನ್ನು ಮರಳಿ ಪಡೆಯುವ ಆಸೆಯಾದರೂ ಇರುತ್ತದೆ. ಸವೆದುಹೋದ ಮೃದ್ವಸ್ಥಿಯ ವಿಷಯದಲ್ಲಿ ಆ ಆಸೆಯೂ ಇಲ್ಲ.

2020ರಲ್ಲಿ ಕೋವಿಡ್ ಬಂದು ಜಗತ್ತಿನ ಅಂಕಣಗಳೆಲ್ಲ ಮುಚ್ಚಿದವು. 2021ರಲ್ಲಿ ಆಟ ಮರಳಿ ಶುರುವಾದಾಗ ಬೋಪಣ್ಣ ಸೋಲತೊಡಗಿದರು. ಮೊದಲ ಸುತ್ತು, ಸೋಲು. ಊರು ಬದಲು, ಮತ್ತೆ ಮೊದಲ ಸುತ್ತು, ಮತ್ತೆ ಸೋಲು. ತಿಂಗಳುಗಟ್ಟಲೆ ಗೆಲುವಿಲ್ಲ. ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ಸೋತ ಮೇಲೆ ಕಡಲು ನೋಡುತ್ತ ಕುಳಿತು, ಇಲ್ಲೇನು ಮಾಡುತ್ತಿದ್ದೇನೆ, ಮನೆಯಲ್ಲಿ ಸಂಸಾರವಿದೆ, ಒಂದು ಪಂದ್ಯವನ್ನಾದರೂ ಗೆಲ್ಲುತ್ತಿಲ್ಲವಲ್ಲ ಎಂದು ತಮ್ಮನ್ನೇ ಕೇಳಿಕೊಂಡದ್ದನ್ನು ಅವರು ಮುಂದೆ ಹಲವು ಸಲ ಹೇಳಿದರು. ಆಟ ಬಿಡುವುದಾಗಿ ಪತ್ನಿ ಸುಪ್ರಿಯಾ ಅವರಿಗೆ ಸಂದೇಶವನ್ನೂ ಕಳಿಸಿದ್ದರು. ಆಗ ವಯಸ್ಸು 41.

ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎನ್ನುವುದಕ್ಕಿಂತ ಹೇಗೆ ಮುಂದುವರಿದರು ಎನ್ನುವುದು ಇಲ್ಲಿ ಮುಖ್ಯ. ಲಾಕ್‌ಡೌನ್‌ನಲ್ಲಿ ಬೆಂಗಳೂರಿನಲ್ಲಿ ಉಳಿದಿದ್ದಾಗ ಅವರು ಅಯ್ಯಂಗಾರ್ ಯೋಗ ಶುರುಮಾಡಿದ್ದರು. ವಾರದಲ್ಲಿ ಹಲವು ದಿನ, ಒಂದೊಂದು ಸಲ ಒಂದೂವರೆ ಗಂಟೆ. ಮೃದ್ವಸ್ಥಿ ಮರಳಿ ಬರಲಿಲ್ಲ, ಬರುವುದೂ ಇಲ್ಲ. ಆದರೆ ಮೊಣಕಾಲಿನ ಸುತ್ತಲ ಸ್ನಾಯುಗಳು, ತೊಡೆಯ ಮುಂಭಾಗ ಮತ್ತು ಹಿಂಭಾಗ, ಸೊಂಟ, ಇವು ಭಾರ ಹೊರಲು ಕಲಿತವು. ಕಂಬ ಗೆದ್ದಲು ಹಿಡಿದ ಮನೆಗೆ ಸುತ್ತಲೂ ಆಸರೆ ಕೊಟ್ಟು ಮಾಡು ನಿಲ್ಲಿಸಿದ ಹಾಗೆ. ನೋವಿನ ಮಾತ್ರೆಗಳು ನಿಂತವು. ಅಂಕಣದಲ್ಲಿ ಮನಸ್ಸೂ ನಿಧಾನವಾಯಿತು, ಯೋಚಿಸಿ ಆಡಲು ಹೊತ್ತು ಸಿಕ್ಕಿತು ಎನ್ನುತ್ತಾರೆ ಅವರು.

ಬೆಳಗಾವಿಯ ಸರ್ಜನ್

ಆ ಯೋಗ ಪದ್ಧತಿಗೆ ಹೆಸರು ಕೊಟ್ಟ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ಮುರಿದ ಮೈಯಿಂದಲೇ ಹೊರಟವರು. 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟು. ಊರೂರಿನಲ್ಲಿ ಇನ್‌ಫ್ಲುಯೆಂಜಾ ಹೆಣ ಉರುಳಿಸುತ್ತಿದ್ದ ವರ್ಷ. ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ಟೈಫಾಯ್ಡ್ ಒಂದರ ಹಿಂದೊಂದು ಬಂದು ಹೋದವು. ಕಡ್ಡಿಯಂಥ ಕೈಕಾಲಿನ ಹುಡುಗ ಹದಿಹರೆಯದಲ್ಲಿ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಬಳಿಗೆ ಬಂದ. ಕೃಷ್ಣಮಾಚಾರ್ಯರು ಮೈಸೂರು ಮಹಾರಾಜರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದರು.

1936ರಲ್ಲಿ ಗುರು ತಮ್ಮ ಶಿಷ್ಯರೊಂದಿಗೆ ಉತ್ತರ ಕರ್ನಾಟಕದ ಪ್ರವಾಸಕ್ಕೆ ಹೊರಟರು. ಧಾರವಾಡದಲ್ಲಿ ಹೆಂಗಸರ ಗುಂಪೊಂದು ತಮಗೂ ಆಸನ ಕಲಿಸಬೇಕೆಂದು ಕೇಳಿತು. ಶಿಷ್ಯರಲ್ಲಿ ಎಲ್ಲರಿಗಿಂತ ಕಿರಿಯನೆಂದು ಆ ಕೆಲಸ ಅಯ್ಯಂಗಾರ್ ಪಾಲಿಗೆ ಬಂತು. ಅಲ್ಲಿಂದ ಬೆಳಗಾವಿ. ಅಲ್ಲಿ ಸಿವಿಲ್ ಸರ್ಜನ್ ಆಗಿದ್ದವರು ಡಾ. ವಿ.ಬಿ. ಗೋಖಲೆ. ಈ ಮೈ ಕಸರತ್ತನ್ನು ವೈದ್ಯರ ಕಣ್ಣಿನಿಂದ ನೋಡಿದ ಅವರಿಗೆ ಅದರಲ್ಲಿ ತಥ್ಯ ಕಂಡಿತು. ನಿವೃತ್ತರಾಗಿ ಪುಣೆಗೆ ಹೋದ ಮೇಲೆ ಅಲ್ಲಿಯ ಡೆಕ್ಕನ್ ಜಿಮ್ಖಾನಾದಲ್ಲಿ ಯೋಗ ಕಲಿಸಲು ಒಬ್ಬರನ್ನು ಕಳಿಸಿ ಎಂದು ಕೃಷ್ಣಮಾಚಾರ್ಯರನ್ನು ಕೋರಿದರು. 1937ರಲ್ಲಿ, ಆರು ತಿಂಗಳ ಮಟ್ಟಿಗೆಂದು, 18ರ ಹುಡುಗ ಪುಣೆಗೆ ಹೋದ. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಆರು ತಿಂಗಳು ಜೀವಮಾನವಾಯಿತು. 2014ರಲ್ಲಿ ಅವರು ತೀರಿಕೊಂಡದ್ದೂ ಪುಣೆಯಲ್ಲೇ, 95ನೇ ವಯಸ್ಸಿನಲ್ಲಿ.

ಗೋಖಲೆ ವೇದಿಕೆಯ ಮೇಲೆ ನಿಂತು ಸ್ನಾಯು, ಕೀಲು, ಮೂಳೆಗಳ ಬಗ್ಗೆ ಉಪನ್ಯಾಸ ಕೊಡುವುದು, ಪಕ್ಕದಲ್ಲಿ ಅಯ್ಯಂಗಾರ್ ಅದನ್ನು ಮೈಯಲ್ಲಿ ಮಾಡಿ ತೋರಿಸುವುದು: ಈ ಜೋಡಿ ಪ್ರದರ್ಶನ ಪುಣೆಯಲ್ಲಿ ಬಹುಕಾಲ ನಡೆಯಿತು. ಶರೀರಶಾಸ್ತ್ರದ ಭಾಷೆ ಅಯ್ಯಂಗಾರ್ ಪದ್ಧತಿಯೊಳಗೆ ಸೇರಿದ್ದು ಹೀಗೆ. ಮುಂದೆ ಆ ಪದ್ಧತಿಯ ಗುರುತೇ ಆದ ಸಲಕರಣೆಗಳು, ಅಂದರೆ ಗೋಡೆಗೆ ಕಟ್ಟಿದ ಹಗ್ಗ, ಪಟ್ಟಿ, ಕುರ್ಚಿ, ಮರದ ಇಟ್ಟಿಗೆ, ಇವೂ ಅದೇ ಯೋಚನೆಯವು. ಬಗ್ಗದ ಕಾಲನ್ನು ಬಲವಂತದಿಂದ ಬಗ್ಗಿಸಬಾರದು. ಅಡಿಗೊಂದು ಇಟ್ಟಿಗೆ ಇಟ್ಟು ಬಗ್ಗಿದಷ್ಟಕ್ಕೇ ಕೆಲಸ ಕೊಡಬೇಕು. 1979ರಲ್ಲಿ ಸ್ಕೂಟರ್ ಅಪಘಾತಗಳು ಅಯ್ಯಂಗಾರ್ ಅವರ ಬೆನ್ನು, ಭುಜ, ಮೊಣಕಾಲುಗಳನ್ನೇ ಕೆಡಿಸಿದಾಗ, 60ರ ವಯಸ್ಸಿನಲ್ಲಿ, ಬೇರೆಯವರಿಗೆ ಹೇಳಿಕೊಟ್ಟದ್ದನ್ನು ಅವರು ಮೊದಲ ಪಾಠದಿಂದ ತಾವೇ ಕಲಿಯಬೇಕಾಯಿತು.

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ಇವತ್ತು ಕಿತ್ತೂರಿನ ಮಗ್ಗುಲಿನಲ್ಲೇ ಹಾಯುತ್ತದೆ. ಬೋಪಣ್ಣ ಟೆನಿಸ್ ಕಲಿಯಲು ಪುಣೆಗೆ ಹೋದವರು. ಅವರ ಮೊಣಕಾಲು ಉಳಿಸಿದ ವಿದ್ಯೆ ಅವರಿಗಿಂತ ಆರು ದಶಕ ಮೊದಲೇ, ಒಬ್ಬ ಬೆಳಗಾವಿಯ ಸರ್ಜನ್ ಕೈಹಿಡಿದು, ಅದೇ ಊರು ಸೇರಿತ್ತು.

ಅರ್ಧ ಅಂಕಣದ ಲೆಕ್ಕ

ಯೋಗವೊಂದೇ ಎಲ್ಲ ಮಾಡಿತು ಎಂದರೆ ಅದು ಜಾಹೀರಾತಾಗುತ್ತದೆ. ಬೋಪಣ್ಣ ತಮ್ಮ ಆಟವನ್ನೇ ಬೇರೆಯಾಗಿ ಲೆಕ್ಕ ಹಾಕಿದರು.

ಡಬಲ್ಸ್‌ನಲ್ಲಿ ಅಂಕಣದ ಅರ್ಧ ಮಾತ್ರ ನಿಮ್ಮದು. 2006ರಿಂದ ಎಟಿಪಿ ಟೂರ್ ಡಬಲ್ಸ್‌ನಲ್ಲಿ ಡ್ಯೂಸ್ ಬಂದಾಗ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನ, ಮೂರನೇ ಸೆಟ್ ಬದಲು 10 ಪಾಯಿಂಟ್‌ಗಳ ಟೈಬ್ರೇಕ್. ಪಂದ್ಯ ಚಿಕ್ಕದಾಯಿತು. ಅಲ್ಲಿ ಗೆಲ್ಲಿಸುವುದು ಓಟಕ್ಕಿಂತ ಮೊದಲ ಎರಡು ಹೊಡೆತ: ಸರ್ವ್ ಮತ್ತು ಅದರ ಮರುಹೊಡೆತ. ಸೌದೆ ಒಡೆದು ಬೆಳೆದ ತೋಳಿನ ಸರ್ವ್ 40 ದಾಟಿದರೂ ಮೊಂಡಾಗಿರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ತಿಳಿದವನಿಗೆ ಕಡಿಮೆ ಓಡಿದರೆ ಸಾಕು, ಅದು ಇಪ್ಪತ್ತು ವರ್ಷ ಆಡಿದವನಿಗೆ ತಿಳಿಯುತ್ತದೆ. ಉಳಿದದ್ದು ಜೊತೆಗಾರ.

2023ರಲ್ಲಿ ಆ ಜೊತೆಗಾರ ಸಿಕ್ಕಿದರು. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್‌ನಲ್ಲಿ ಇಬ್ಬರೂ ಅಗ್ರ ಶ್ರೇಯಾಂಕದ ಕೂಲ್‌ಹಾಫ್ ಮತ್ತು ಸ್ಕುಪ್‌ಸ್ಕಿ ಜೋಡಿಯನ್ನು ಮಣಿಸಿದಾಗ ಬೋಪಣ್ಣ ಮಾಸ್ಟರ್ಸ್ 1000 ಪ್ರಶಸ್ತಿ ಗೆದ್ದ ಅತಿ ಹಿರಿಯ ಆಟಗಾರರಾದರು. ಹಿಂದಿನ ದಾಖಲೆ ಕೆನಡಾದ ಡೇನಿಯಲ್ ನೆಸ್ಟರ್ ಅವರದು; ದಾಖಲೆ ಕಿತ್ತುಕೊಂಡದ್ದಕ್ಕೆ ಕ್ಷಮೆ ಕೇಳಿ ಅವರಿಗೆ ಸಂದೇಶ ಕಳಿಸಿದ್ದಾಗಿ ಬೋಪಣ್ಣ ನಗುತ್ತ ಹೇಳಿದರು. ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಫೈನಲ್, 2010ರ ನಂತರ ಎರಡನೇ ಸಲ, ಮತ್ತೆ ಸೋಲು. ನಂತರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ.

2024ರ ಜನವರಿ 27, ಮೆಲ್ಬರ್ನ್‌ನ ರಾಡ್ ಲೇವರ್ ಅರೀನಾ. ಎದುರು ಇಟಲಿಯ ಬೊಲೆಲ್ಲಿ, ವವಸ್ಸೋರಿ. ಮೊದಲ ಸೆಟ್‌ನ ಟೈಬ್ರೇಕ್ 7-0, ಎದುರಾಳಿಗೆ ಒಂದೂ ಪಾಯಿಂಟ್ ಇಲ್ಲ. ಎರಡನೇ ಸೆಟ್ 7-5. ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಬೋಪಣ್ಣ ಕೈಗೆ ಸಿಕ್ಕಿದ್ದು ಇದೇ ಮೊದಲು. ಮುಕ್ತ ಯುಗದಲ್ಲಿ ಇಷ್ಟು ವಯಸ್ಸಾದ ಯಾವ ಪುರುಷನೂ ಗ್ರ್ಯಾಂಡ್‌ಸ್ಲಾಮ್ ಗೆದ್ದಿರಲಿಲ್ಲ. ಎರಡು ದಿನಗಳ ನಂತರ, ಜನವರಿ 29ರಂದು, ವಿಶ್ವದ ಒಂದನೇ ಸ್ಥಾನ. ಆ ಸ್ಥಾನಕ್ಕೆ ಮೊದಲ ಸಲ ಏರಿದವರಲ್ಲಿ ಅದುವರೆಗಿನ ಹಿರಿಯ ಅಮೆರಿಕದ ರಾಜೀವ್ ರಾಮ್, 38ನೇ ವಯಸ್ಸಿನಲ್ಲಿ. ಬೋಪಣ್ಣ 43. ಅದು ವಯಸ್ಸಲ್ಲ, 43ನೇ ಲೆವೆಲ್ ಎಂದರು ಅವರು. ಪ್ರಶಸ್ತಿ ಹಿಡಿದು ಮಾತಾಡುವಾಗ, ಹಿಂದೊಮ್ಮೆ ಆಟ ಬಿಡುತ್ತೇನೆಂದು ಹೆಂಡತಿಗೆ ಕಳಿಸಿದ ಸಂದೇಶವನ್ನು ಮರೆಯದೆ ಎತ್ತಿದರು. ಮಾರ್ಚ್‌ನಲ್ಲಿ ಮಯಾಮಿಯನ್ನೂ ಗೆದ್ದು ತಮ್ಮದೇ ಮಾಸ್ಟರ್ಸ್ ದಾಖಲೆಯನ್ನು ತಾವೇ ಮುರಿದರು.

ಟೂಲಾನ್‌ಗೆ ಹೋದವರು

ಗಾಯದ ಮೇಲೆ ಗಾಯ ತಿಂದು, ಪರದೇಶದಲ್ಲಿ ಹೊಸ ಆಟ ಕಟ್ಟಿಕೊಂಡವರ ಕಥೆ ಮೈಗೆ ಮೈ ತಾಗುವ ಆಟಗಳಲ್ಲಿ ಇನ್ನೂ ಉಗ್ರವಾಗಿರುತ್ತದೆ. ರಗ್ಬಿಯನ್ನು ಕಾಣದವರಿಗೆ ಹೀಗೆ ಹೇಳಬಹುದು: ಕಬಡ್ಡಿಯ ಹಿಡಿತ, ಕುಸ್ತಿಯ ತಳ್ಳಾಟ, ಫುಟ್‌ಬಾಲ್ ಮೈದಾನದ ಓಟ, ಕೈಯಲ್ಲೊಂದು ಮೊಟ್ಟೆಯಾಕಾರದ ಚೆಂಡು. ಕರ್ನಾಟಕದಲ್ಲಿ ಅದಿನ್ನೂ ಬೆಂಗಳೂರಿನ ಕ್ಲಬ್ಬುಗಳ ಆಟ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನ ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದು.

ಆ ಆಟದ ದೊಡ್ಡ ಹೆಸರುಗಳಲ್ಲಿ ಒಂದು ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್. 2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ವಿಶ್ವಕಪ್ ಫೈನಲ್, ಹೆಚ್ಚುವರಿ ಸಮಯದ ಕೊನೆಯ ಅರ್ಧ ನಿಮಿಷ. ಅವರು ತಮ್ಮ ದುರ್ಬಲವಾದ ಬಲಗಾಲಿನಿಂದ ಒದ್ದ ಚೆಂಡು ಕಂಬಗಳ ನಡುವೆ ಹಾರಿ ಇಂಗ್ಲೆಂಡ್ 20-17ರಿಂದ ಗೆದ್ದಿತು. ಅಂದು ಅವರಿಗೆ 24. ಮುಂದಿನ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1,169 ದಿನಗಳ ನಂತರ. ನಡುವೆ ಕುತ್ತಿಗೆಯ ಶಸ್ತ್ರಚಿಕಿತ್ಸೆ, ತೋಳಿನ ಸ್ನಾಯು, ಮೊಣಕಾಲಿನ ರಜ್ಜು, ಕರುಳುಬಾಲ, ತೊಡೆಸಂದು, ಸೀಳಿದ ಮೂತ್ರಪಿಂಡ. 2007ರ ಫೆಬ್ರುವರಿಯಲ್ಲಿ ಮರಳಿದ ಮೊದಲ ಪಂದ್ಯದಲ್ಲೇ ಸ್ಕಾಟ್ಲೆಂಡ್ ವಿರುದ್ಧ 27 ಅಂಕ. ಮರುವರ್ಷ ಮಂಡಿಚಿಪ್ಪೇ ಸರಿಯಿತು.

2009ರಲ್ಲಿ, 12 ವರ್ಷ ಆಡಿದ ನ್ಯೂಕ್ಯಾಸಲ್ ಬಿಟ್ಟು ವಿಲ್ಕಿನ್ಸನ್ ಫ್ರಾನ್ಸಿನ ದಕ್ಷಿಣ ಕರಾವಳಿಯ ಟೂಲಾನ್‌ಗೆ ಹೋದರು. ನೌಕಾದಳದ ಬಂದರು, ಮೆಡಿಟರೇನಿಯನ್ ಬಿಸಿಲು, ಕಾಮಿಕ್ಸ್ ಪುಸ್ತಕ ಪ್ರಕಟಿಸಿ ಹಣ ಮಾಡಿದ ಕ್ಲಬ್ ಮಾಲೀಕ. ಗಾಯಾಳುವನ್ನು ದುಡ್ಡು ಕೊಟ್ಟು ತಂದರೆಂದು ಆಡಿಕೊಂಡವರಿದ್ದರು. ವಿಲ್ಕಿನ್ಸನ್ ಫ್ರೆಂಚ್ ಕಲಿತರು, ಅಲ್ಲಿ ಐದು ವರ್ಷ ಆಡಿದರು, ತಂಡದ ನಾಯಕರಾದರು. 2013 ಮತ್ತು 2014ರಲ್ಲಿ ಟೂಲಾನ್ ಯುರೋಪಿನ ಚಾಂಪಿಯನ್. 2014ರ ಮೇ 31ರಂದು ಫ್ರೆಂಚ್ ಲೀಗ್ ಫೈನಲ್‌ನಲ್ಲಿ ಕ್ಯಾಸ್ಟ್ರ್ ವಿರುದ್ಧ 18-10ರ ಗೆಲುವು. ಅದೇ ಅವರ ಕೊನೆಯ ಪಂದ್ಯ, 35ನೇ ವಯಸ್ಸಿನಲ್ಲಿ. ಅಂದು ಪ್ಯಾರಿಸ್ಸಿನ ಮೈದಾನದಲ್ಲಿ ಈ ಇಂಗ್ಲಿಷ್ ಆಟಗಾರನಿಗಾಗಿ ಮೊಳಗಿದ್ದು ಇಂಗ್ಲೆಂಡಿನ ರಾಷ್ಟ್ರಗೀತೆ. ಫ್ರೆಂಚರ ನೆಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಕನ್ನಡದ ಓದುಗರಿಗೆ ಹತ್ತಿರದ ಇನ್ನೊಂದು ಉದಾಹರಣೆ ಅನಿಲ್ ಕುಂಬ್ಳೆ. 2002ರಲ್ಲಿ ಆಂಟಿಗುವಾದಲ್ಲಿ ಒಡೆದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಪಡೆದ ಚಿತ್ರ ಎಲ್ಲರ ನೆನಪಿನಲ್ಲಿದೆ. ಅದಕ್ಕೂ ಒಂದು ವರ್ಷ ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಚೆಂಡು ಮುಟ್ಟದೆ ಕಳೆದದ್ದಕ್ಕೆ ಚಿತ್ರವಿಲ್ಲ. ಆಸ್ಟ್ರೇಲಿಯಾವನ್ನು ಭಾರತ ಮಣಿಸಿದ 2001ರ ಹೆಸರಾಂತ ಸರಣಿ ಅವರಿಗೆ ತಪ್ಪಿದ್ದು ಅದೇ ಭುಜದಿಂದ. 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರ.

ರಾಮದುರ್ಗದಿಂದ ನೂರು ಕಿಲೋಮೀಟರ್

ಈ ಮೂವರಿಗೂ ಇದ್ದದ್ದೇನು ಎಂದು ನೋಡಿದರೆ ಛಲದ ಜೊತೆ ಇನ್ನೊಂದು ಕಾಣುತ್ತದೆ: ಜನ. ಬೋಪಣ್ಣ ಅವರ ಜೊತೆ ವರ್ಷಾನುಗಟ್ಟಲೆ ತರಬೇತುದಾರ ಸ್ಕಾಟ್ ಡೇವಿಡಾಫ್ ಇದ್ದರು, ಫಿಸಿಯೋ ರೆಬೆಕಾ ವಾನ್ ಓರ್ಶಾಗೆನ್ ಇದ್ದರು. ಮೆಲ್ಬರ್ನ್‌ನಲ್ಲಿ ಗೆದ್ದಾಗ ಬೋಪಣ್ಣ ಕೃತಜ್ಞತೆ ಹೇಳಿದ್ದು ಅವರಿಗೆ. ಡಬಲ್ಸ್‌ನ ಬಹುಮಾನ ಸಿಂಗಲ್ಸ್‌ಗೆ ಹೋಲಿಸಿದರೆ ಚಿಕ್ಕದು, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಅದರಲ್ಲೇ ಈ ತಂಡದ ಖರ್ಚು. ವಿಲ್ಕಿನ್ಸನ್ ಬೆನ್ನಿಗೆ ಕ್ಲಬ್ಬಿನ ವೈದ್ಯರಿದ್ದರು, ಕುಂಬ್ಳೆ ಬೆನ್ನಿಗೆ ದೇಶದ ಅತಿ ಶ್ರೀಮಂತ ಕ್ರೀಡೆ.

ಉತ್ಸವದ ಕಣದಿಂದ ಕುಂಟುತ್ತ ಹೋದ ಪೈಲ್ವಾನನ ಲೆಕ್ಕ ಬೇರೆ. ಮೊಣಕಾಲು ತಿರುಚಿ ಒಳಗಿನ ರಜ್ಜು ಹರಿದರೆ ಊತ ಮೊದಲ ದಿನವೇ ಬರುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಊತ ಇಳಿದದ್ದನ್ನು ವಾಸಿಯಾಯಿತೆಂದು ತಿಳಿಯುವುದೇ ದೊಡ್ಡ ಮೋಸ. ನಡೆಯಲು ಬರುತ್ತದೆ, ಹೊಲದ ಕೆಲಸಕ್ಕೂ ಬರುತ್ತದೆ. ಕಣದಲ್ಲಿ ಪಟ್ಟು ಹಾಕಿ ಹೊರಳುವಾಗ ಮಾತ್ರ ಕಾಲು ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗಲೆಲ್ಲ ಒಳಗಿನ ಮೃದ್ವಸ್ಥಿಯೂ ಒಂದಷ್ಟು ಹಾಳಾಗುತ್ತದೆ. ತೈಲ ಹಚ್ಚಿ ಪಟ್ಟಿ ಕಟ್ಟಿದರೆ ನೋವು ತಗ್ಗಬಹುದು, ಹರಿದ ರಜ್ಜು ಕೂಡುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಹೊಸ ರಜ್ಜು ಕಟ್ಟುತ್ತಾರೆ. ಅದು ಬಲಿಯಲು ಕಾಲ ಬೇಕು; ಕಣಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಕಾಯಿರಿ ಎನ್ನುತ್ತಾರೆ ತಜ್ಞರು. ಆ ಒಂಬತ್ತು ತಿಂಗಳೂ ಫಿಸಿಯೋಥೆರಪಿ.

ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರ್ ಆಸುಪಾಸು. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಹೋಗಿಬರುವುದೆಂದರೆ ವಾರದ ಮೂರು ದಿನದ ಕೂಲಿ ಬಿಟ್ಟ ಹಾಗೆ. ಜೋಳದ ಸುಗ್ಗಿ ಬಂದರೆ ಫಿಸಿಯೋಥೆರಪಿ ನಿಲ್ಲುತ್ತದೆ. ಬಹುಪಾಲು ಪೈಲ್ವಾನರ ಆಟ ಮುಗಿಯುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಲ್ಲ, ಈ ಬಸ್ ನಿಲ್ದಾಣಗಳಲ್ಲಿ.

ಈ ಸೀಮೆಯ ಮಕ್ಕಳು ಅವಕಾಶ ಸಿಕ್ಕರೆ ಆಟ ಬದಲಿಸಿಯಾದರೂ ಮೇಲೆ ಬರಬಲ್ಲರು ಎಂಬುದಕ್ಕೆ ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ್ ಸಾಕ್ಷಿ. ಸವದತ್ತಿ, ರಾಮದುರ್ಗಗಳಿಗೆ ನೀರುಣಿಸುವ ಹೊಳೆಯ ಹೆಸರು ಹೊತ್ತ ಈ ರೈತನ ಮಗಳು ಬೆಳಗಾವಿಯ ಕ್ರೀಡಾ ವಸತಿನಿಲಯದಲ್ಲಿ ಜೂಡೊ ಕಲಿತವರು. ಅಲ್ಲಿಂದ ಮಧ್ಯ ಏಷ್ಯಾದ ಕುಸ್ತಿಯಾದ ಕುರಾಷ್ ಕಡೆ ಹೊರಳಿ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 52 ಕಿಲೋ ವಿಭಾಗದಲ್ಲಿ ಕಂಚು ತಂದರು. ಆ ಪದಕದ ಹಿಂದೆ ವಸತಿನಿಲಯವಿತ್ತು, ಮ್ಯಾಟ್ ಇತ್ತು, ದಿನವೂ ಬೆಳಿಗ್ಗೆ ಬರುವ ತರಬೇತುದಾರರಿದ್ದರು. ಗಾಯಗೊಂಡವರಿಗೂ ಅಂಥದ್ದೇ ಒಂದು ನೆಲೆ ಬೇಕು: ತಾಲ್ಲೂಕು ಮಟ್ಟದಲ್ಲಿ ಒಬ್ಬ ಫಿಸಿಯೋ, ಒಂದು ಕೋಣೆ, ಗೋಡೆಗೆ ನಾಲ್ಕು ಹಗ್ಗ. ಗರಡಿಗಳಲ್ಲಿ ಹಗ್ಗವಂತೂ ಮೊದಲೇ ಇದೆ.

ರಗ್ಬಿ ಅಂಗಳದಲ್ಲಿ ಕೊನೆಯ ಆಟ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋತ ಮೇಲೆ ಬೋಪಣ್ಣ ದೇಶದ ಪರ ಆಡುವುದನ್ನು ನಿಲ್ಲಿಸಿದರು. ಆ ವರ್ಷವೇ ಪದ್ಮಶ್ರೀ. ಟೂರ್‌ನಲ್ಲಿ ಮಾತ್ರ ಇನ್ನೂ ಒಂದು ವರ್ಷ ಆಡಿದರು. 2025ರಲ್ಲಿ ಟೋಕಿಯೋದಲ್ಲಿ ಜಪಾನಿನ ತಕೆರು ಯುಜುಕಿ ಜೊತೆ ಫೈನಲ್‌ಗೂ ಹೋದರು. ಆಗ ವಯಸ್ಸು 45.

ಕೊನೆಯ ಪಂದ್ಯ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಅಕ್ಟೋಬರ್ ಕೊನೆಯ ವಾರ. ಕಿತ್ತೂರಿನಲ್ಲಿ ಉತ್ಸವದ ಪೆಂಡಾಲು ಬಿಚ್ಚುವ ಹೊತ್ತು. 2011 ಮತ್ತು 2012ರಲ್ಲಿ ಬೋಪಣ್ಣ ಈ ಪ್ರಶಸ್ತಿ ಗೆದ್ದಾಗ ಟೂರ್ನಿ ನಡೆಯುತ್ತಿದ್ದುದು ಬೆರ್ಸಿಯಲ್ಲಿ. ಈಗ ಅದು ಊರಿನ ಪಶ್ಚಿಮಕ್ಕೆ, ಲಾ ದೆಫಾನ್ಸ್ ಅರೀನಾಗೆ ಸ್ಥಳಾಂತರಗೊಂಡಿತ್ತು. ಉಳಿದ ದಿನಗಳಲ್ಲಿ ಅದು ರೇಸಿಂಗ್ 92 ಎಂಬ ರಗ್ಬಿ ಕ್ಲಬ್ಬಿನ ತವರು ಅಂಗಳ. ಕಜಕಿಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ ಆಡಿದ ಬೋಪಣ್ಣ ಮೊದಲ ಸೆಟ್ 5-7ರಲ್ಲಿ ಬಿಟ್ಟರು, ಎರಡನೆಯದನ್ನು 6-2ರಲ್ಲಿ ಗೆದ್ದರು, ನಿರ್ಣಾಯಕ ಟೈಬ್ರೇಕ್‌ನಲ್ಲಿ 8-10ರಿಂದ ಸೋತರು.

ನಿವೃತ್ತಿಯ ಮಾತು ಬಂದದ್ದು ನವೆಂಬರ್ 1ರಂದು, ಕರ್ನಾಟಕದ ಶಾಲೆಗಳ ಅಂಗಳದಲ್ಲಿ ಹಳದಿ ಕೆಂಪು ಬಾವುಟ ಏರಿದ ಬೆಳಿಗ್ಗೆ. ಆ ಪತ್ರದಲ್ಲಿ ಮೆಲ್ಬರ್ನ್ ಇತ್ತು, ತಂದೆ ತಾಯಿ ಇದ್ದರು, ಸುಪ್ರಿಯಾ ಮತ್ತು ಮಗಳು ತ್ರಿಧಾ ಇದ್ದರು. ಅವರೆಲ್ಲರ ನಡುವೆ, ಸರ್ವ್‌ಗೆ ಬಲ ಬರಲೆಂದು ಕೊಡಗಿನಲ್ಲಿ ಒಡೆದ ಆ ಸೌದೆಯೂ ಇತ್ತು.